ಸೊನ್ನೆಯಿಂದ ಮುಗಿಯುವ ಪುಟಗಳು

ದೊಡ್ಡಮ್ಮ ನನ್ನ ಕಚೇರಿಗೆ ಫೋನ್ ಮಾಡುವವಳಲ್ಲ. ಆ ಗುರುವಾರ ಬೆಳಿಗ್ಗೆ ಮಾಡಿದಳು.

"ಏ ತಕ್ಕಡಿ, ನಿಮ್ಮಲ್ಲಿ ಯಾರಿಗೋ ಉಗುರು ಕಚ್ಚೋ ಚಟ ಇದೆ ಕಣೇ."

ಚಿಕ್ಕಂದಿನಲ್ಲಿ ಕಡಲೆಬೀಜವನ್ನೂ ತೂಗಿ ಹಂಚುತ್ತಿದ್ದೆನೆಂದು ಅವಳು ನನಗೆ ಇಟ್ಟ ಹೆಸರು ಅದು.

"ಯಾಕೆ ದೊಡ್ಡಮ್ಮ, ಏನಾಯ್ತು?"

"ಸೂಲಗಿತ್ತಿ ದಿನಚರಿ ತೆಗಿ. ನೂರ ನಲವತ್ತೇಳನೇ ಪುಟ."

ತೆಗೆದೆ. ಪರದೆಯ ತುಂಬ ಒಂದು ಹೆಬ್ಬೆರಳು. ಉಗುರನ್ನು ಬುಡದವರೆಗೆ ಕಚ್ಚಿ ತಿಂದಿದ್ದರು, ಅಂಚಿನಲ್ಲಿ ಕಪ್ಪು ಕೊಳೆ ಕಟ್ಟಿತ್ತು, ಪಕ್ಕದಲ್ಲಿ ಒಣಗಿದ ಚರ್ಮದ ಸಿಪ್ಪೆ ಎದ್ದಿತ್ತು. ಎಷ್ಟು ಸ್ಪಷ್ಟವಾಗಿತ್ತೆಂದರೆ ಬೆರಳಚ್ಚಿನ ಗೆರೆಗಳನ್ನು ಎಣಿಸಬಹುದಿತ್ತು. ಅದರ ಕೆಳಗಿದ್ದ ನೂರು ವರ್ಷದ ಹಿಂದಿನ ಕೈಬರಹ ಮಾತ್ರ ಮಸುಕಾಗಿತ್ತು.

ಹಳೆಯ ದಾಖಲೆಗಳ ಚಿತ್ರ ತೆಗೆದು, ಯಾರು ಬೇಕಾದರೂ ಮನೆಯಲ್ಲೇ ಕೂತು ಬಿಟ್ಟಿಯಾಗಿ ಓದುವಂತೆ ಜಾಲತಾಣಕ್ಕೆ ಏರಿಸುವುದು ನಮ್ಮ ವಿಭಾಗದ ಕೆಲಸ. ಚಿತ್ರಗಳನ್ನು ಪರೀಕ್ಷಿಸಿ 'ಸರಿಯಿದೆ' ಎಂದು ಹಸಿರು ಗುರುತು ಹಾಕುವವಳು ನಾನು. ದೊಡ್ಡಮ್ಮ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಮಂಡಿ ಸವೆದು ಮೆಟ್ಟಿಲು ಇಳಿಯಲಾರದ ಅವಳಿಗೆ ಇರುವ ಗ್ರಂಥಾಲಯ ನಮ್ಮ ಜಾಲತಾಣ ಒಂದೇ. ಆರು ವರ್ಷದಿಂದ ಅವಳು ಒಬ್ಬ ಸೂಲಗಿತ್ತಿಯ ಮೇಲೆ ಪುಸ್ತಕ ಬರೆಯುತ್ತಿದ್ದಾಳೆ. ಸೂಲಗಿತ್ತಿ ಕೆಲಸಕ್ಕಿದ್ದ ಹೆರಿಗೆ ಆಸ್ಪತ್ರೆಯಲ್ಲಿ ಒಂದೇ ತಿಂಗಳಲ್ಲಿ ಹನ್ನೊಂದು ಬಾಣಂತಿಯರು ಜ್ವರ ಬಂದು ಸತ್ತಿದ್ದರು. ತನಿಖೆಯವರು ಸೂಲಗಿತ್ತಿಯ ಕೈ ಕೊಳಕು ಎಂದು ಬರೆದು ಅವಳನ್ನು ಓಡಿಸಿದರು. ಆದರೆ ಈಚೆಗೆ ಜಾಲತಾಣಕ್ಕೆ ಏರಿದ ಅವಳ ದಿನಚರಿಯಲ್ಲಿ ಪ್ರತಿ ಹೆಸರಿನ ಮುಂದೆ ಕೊನೆಯ ಕಾಲಂನಲ್ಲಿ, ಒಳಗೆ ಕೈಹಾಕಿ ಪರೀಕ್ಷಿಸಿದವರು ಯಾರು ಎಂಬುದೂ ಇತ್ತು. ಆ ಹನ್ನೊಂದು ಹೆಸರುಗಳು ಇರುವುದು ನೂರ ನಲವತ್ತೇಳನೆಯ ಪುಟದಲ್ಲಿ. ಹೆಬ್ಬೆರಳು ಕೂತಿದ್ದು ಆ ಕೊನೆಯ ಕಾಲಂನ ಮೇಲೆ.

"ಒಂದು ಹೆಸರು ಅರ್ಧ ಕಾಣುತ್ತೆ," ಎಂದಳು ದೊಡ್ಡಮ್ಮ. "ಅದು ಡಾಕ್ಟರದ್ದು ಅಂತ ನನ್ನ ಗುಮಾನಿ. ಗುಮಾನಿ ಇಟ್ಕೊಂಡು ಪುಸ್ತಕ ಬರೆಯಕ್ಕಾಗಲ್ಲ. ಮೂಲ ತೆಗೆದು ಇನ್ನೊಂದು ಫೋಟೋ ಹೊಡಿ."

"ಸಂಜೆಯೊಳಗೆ ಕಳಿಸ್ತೀನಿ," ಎಂದೆ.

ಫೋನ್ ಇಟ್ಟು ಆ ಪುಸ್ತಕದ ಎಲ್ಲ ಪುಟಗಳನ್ನೂ ಮೊದಲಿನಿಂದ ನೋಡಿದೆ. ಒಂದನೆಯ ಪುಟದಲ್ಲಿ ಹೆಬ್ಬೆರಳು. ಎರಡರಲ್ಲಿ ಮಡಚಿದ ಮೂಲೆ. ಏಳರಲ್ಲಿ ಅಂಗಿಯ ತೋಳು. ಹತ್ತನೆಯ ಪುಟ ಕನ್ನಡಿಯಂತೆ ತಿಳಿ. ಇಪ್ಪತ್ತು ತಿಳಿ. ಮೂವತ್ತು ತಿಳಿ. ನಲವತ್ತೂ ತಿಳಿ. ನಾನು ಪರೀಕ್ಷಿಸುವುದು ಸೊನ್ನೆಯಿಂದ ಮುಗಿಯುವ ಪುಟಗಳನ್ನು ಮಾತ್ರ. ಆ ನಿಯಮ ಮಾಡಿದವಳೂ ನಾನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹತ್ತಕ್ಕೊಂದು ಮಾದರಿ ನೋಡಿದರೆ ಸಾಕೆಂದು ಲೆಕ್ಕ ಹಾಕಿ ತೋರಿಸಿ ಶಹಬ್ಬಾಸ್ ಎನಿಸಿಕೊಂಡಿದ್ದೆ.

ಚಿತ್ರ ತೆಗೆಯುವ ಕೋಣೆಗೆ ಹೋದೆ. ಅಲ್ಲಿ ಇಬ್ಬರು ಇರುತ್ತಾರೆ: ಎಲ್ಲರೂ ಮೀಸೆ ಎಂದು ಕರೆಯುವವನು, ಮತ್ತು ಅವನಿಗೆ ಪುಟ ತಿರುವಿಕೊಡುವ ಹೆಂಗಸು. ಹಾಳೆಯನ್ನು ಸಪಾಟಾಗಿ ಒತ್ತುವ ಗಾಜಿನ ಮುಚ್ಚಳ ಮೇಲೆತ್ತಿಯೇ ಇತ್ತು. ಮೀಸೆ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. ಅದೇ ಉಗುರು.

"ಗಾಜು ಯಾಕೆ ಇಳಿಸಿಲ್ಲ?"

"ಇಳಿಸ್ತೀವಿ ಮೇಡಂ, ಸೊನ್ನೆ ಬಂದಾಗ." ಅವನ ದನಿಯಲ್ಲಿ ಅಳುಕೇ ಇರಲಿಲ್ಲ. "ಪ್ರತಿ ಸಲ ಇಳಿಸ್ತಾ ಕೂತ್ರೆ ದಿನಕ್ಕೆ ನಾನೂರು ಪುಟಾನೂ ಆಗಲ್ಲ. ಮೇಲಿನವರು ಕೇಳೋದು ಸಾವಿರ."

"ಮಿಕ್ಕ ಒಂಬತ್ತು ಪುಟ?"

"ಅದನ್ನ ನೀವೂ ನೋಡಲ್ವಲ್ಲ ಮೇಡಂ."

ಹೆಂಗಸು ಸಮಾಧಾನ ಹೇಳಲು ಬಂದಳು. "ನಿಮಗೆ ಕೆಟ್ಟ ಹೆಸರು ಬರಬಾರದು ಅಂತ ಸೊನ್ನೆ ಪುಟ ಎರಡೆರಡು ಸಲ ತೆಗೀತೀವಿ, ನಿಮ್ಮಾಣೆ."

ಮೀಸೆ ನಕ್ಕು ಬೆರಳನ್ನು ಬಾಯಿಗಿಟ್ಟುಕೊಂಡ. ಕಚ್ಚಿ, ಸಿಪ್ಪೆಯನ್ನು ತು ಎಂದು ಉಗಿದು, ಅದೇ ಒದ್ದೆ ಬೆರಳಿನಿಂದ ಮುಂದಿನ ಹಾಳೆ ಒತ್ತಿದ. ಬಯ್ಯಬೇಕಾದದ್ದು ಅವನೊಬ್ಬನನ್ನೇ ಅಲ್ಲ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ನನಗೆ ಮೊದಲ ವಾರ ಕಲಿಸಿದ ಪಾಠವೆಂದರೆ ಮಾದರಿ ತೆಗೆಯುವ ಮುನ್ನ ದ್ರಾವಣವನ್ನು ಕಲಕಬೇಕು ಎಂಬುದು. ಎಲ್ಲಿಂದ ತೆಗೆಯುತ್ತೇನೆಂದು ಮೊದಲೇ ಡಂಗುರ ಸಾರಿ ತೆಗೆದದ್ದು ಮಾದರಿಯಲ್ಲ, ನಾಟಕ. ಮೂರು ವರ್ಷ ನಾನು ಆ ನಾಟಕ ನೋಡಿ ಹಸಿರು ಗುರುತು ಹಾಕಿದ್ದೆ.

ಇನ್ನು ಮೂಲಪ್ರತಿ. ಉಗ್ರಾಣದವರು ಪಟ್ಟಿಯ ಮೇಲೆ ಬೆರಳಾಡಿಸಿದರು.

"ನಿಮಗೆ ಗೊತ್ತಿಲ್ವಾ ಅಮ್ಮ? ನಿಮ್ಮ ಗುರುತು ಬಿದ್ದು ಒಂದು ವಾರ ಆದ್ರೆ ಮೂಲಪ್ರತಿ ಕಾಗದದ ಕಾರ್ಖಾನೆಗೆ ಹೋಗುತ್ತೆ. ಜಾಗ ಎಲ್ಲಿದೆ? ಇದು ಹೋಗಿ ತಿಂಗಳಾಯ್ತು. ಇಷ್ಟೊತ್ತಿಗೆ ರಟ್ಟಿನ ಡಬ್ಬ ಆಗಿರುತ್ತೆ."

"ಎಲ್ಲವೂ ಹೋಯ್ತಾ?"

"ಹೋದ ವಾರದ್ದು ಹಿಂದೆ ಅಂಗಳದಲ್ಲಿದೆ. ಮಧ್ಯಾಹ್ನ ಲಾರಿ ಬರುತ್ತೆ."

ಅಂಗಳದಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ತುಳಿದು ತಂತಿ ಬಿಗಿದಿದ್ದರು. ಬೆನ್ನು ಮುರಿದ ರಟ್ಟುಗಳಿಂದ ಹಳೆಯ ಅಂಟು ಕೊಳೆತ ವಾಸನೆ ಬರುತ್ತಿತ್ತು. ನಲವತ್ತಮೂರು ಪುಸ್ತಕ, ಎಲ್ಲಕ್ಕೂ ನನ್ನ ಗುರುತು.

ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕ್ಲಿಪ್ಪೊಂದನ್ನು ನೀಟಾಗಿ ಬಿಡಿಸಿ ಕಿವಿಯೊಳಗೆ ಆಡಿಸುತ್ತ ಕೇಳಿದರು.

"ಎಷ್ಟು ಪುಸ್ತಕದ ಗುರುತು ವಾಪಸ್ ತಗೋಬೇಕು ಅಂತೀರಿ?"

"ಎಲ್ಲವೂ. ಆರು ಸಾವಿರದ ನೂರ ಹನ್ನೆರಡು."

"ಅಲ್ಲಮ್ಮ, ಬಿಟ್ಟಿ ಕೊಡೋದಕ್ಕೆ ಇಷ್ಟು ಉಸಾಬರಿ ಯಾಕೆ? ಓದೋರಾದ್ರೂ ಯಾರು? ನಿಮ್ಮ ದೊಡ್ಡಮ್ಮ ಒಬ್ಬರು." ಕ್ಲಿಪ್ಪಿಗೆ ಅಂಟಿದ್ದನ್ನು ಅವರು ಮೇಜಿನ ಕಡತಕ್ಕೆ ಒರೆಸಿದರು. "ಗುರುತು ತೆಗೆದ್ರೆ ಮೊದಲು ಕೇಳೋದು ನಿಮ್ಮನ್ನೇ. ಯೋಚನೆ ಮಾಡಿ."

ಯೋಚಿಸಲು ಏನೂ ಉಳಿದಿರಲಿಲ್ಲ. ನನ್ನ ಕೋಣೆಗೆ ಬಂದು ಹಸಿರು ಗುರುತುಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ಲಾರಿ ಬರುವ ಮುಂಚೆ ಅಂಗಳದ ನಲವತ್ತಮೂರನ್ನು ಮೊದಲು ತೆಗೆದೆ. ಗುರುತಿಲ್ಲದ ಪುಸ್ತಕವನ್ನು ಉಗ್ರಾಣದವರು ಲಾರಿಗೆ ಹಾಕುವಂತಿಲ್ಲ. ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಿಯಮ ಯಾರದು ಎಂಬುದನ್ನೂ.



"ಆ ಸೂಲಗಿತ್ತಿ ಕೈ ಕೊಳಕು ಅಂತ ಬರೆದೋರೂ ನಿನ್ನ ಹಾಗೇ ಓದಿದೋರೇ ಕಣೇ," ಎಂದಳು.

"ಗೊತ್ತು ದೊಡ್ಡಮ್ಮ."

"ಪುಸ್ತಕದಲ್ಲಿ ಆ ಜಾಗ ಖಾಲಿ ಬಿಡ್ತೀನಿ. ಯಾಕೆ ಖಾಲಿ ಅಂತ ಅಡಿಟಿಪ್ಪಣಿಲಿ ಹಾಕ್ತೀನಿ. ಆ ಉಗುರಿನವನ ವಿಷಯ ಬರೆಯಲ್ಲ, ನಿನ್ನ ಹೆಸರು ಬರೀತೀನಿ."

"ಬರಿ."

"ಅಳಬೇಡ. ಅತ್ತರೆ ಆ ಪುಟ ವಾಪಸ್ ಬರಲ್ಲ," ಎಂದು ಫೋನ್ ಇಟ್ಟಳು.

ಇಕ್ಕಳ ತೆಗೆದುಕೊಂಡು ಅಂಗಳಕ್ಕೆ ಹೋಗಿ ಮೊದಲ ಕಟ್ಟಿನ ತಂತಿ ಕತ್ತರಿಸಿದೆ. ಮೇಲಿನ ಪುಸ್ತಕವನ್ನು ಎತ್ತಿಕೊಂಡು ಹೋಗಿ, ಮೀಸೆಯನ್ನು ಪಕ್ಕಕ್ಕೆ ಸರಿಯಲು ಹೇಳಿದೆ. ಗಾಜಿನ ಮೇಲೆ ಅವನ ಎಂಜಲಿನ ಕಲೆಗಳಿದ್ದವು. ಒರೆಸಿ, ಒಂದನೆಯ ಪುಟದ ಮೇಲೆ ಇಳಿಸಿದೆ.