ಎಡಬಲ ತಪ್ಪಿದ ನಕ್ಷೆ

ಅಫೀಮಿನಂಥ ಮದ್ದು ಇಲಿಯ ಮಿದುಳಿನಲ್ಲಿ ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂಬುದಕ್ಕೆ ನಕ್ಷೆ ಮಾಡುವುದು ಆಗ ನನ್ನ ಕೆಲಸ. ನೋವು ಮರೆಸುವ ಆ ಮದ್ದಿಗೆಂದೇ ಮಿದುಳಿನಲ್ಲಿ ಕಾದಿಟ್ಟ ಜಾಗಗಳಿವೆ; ಗ್ರಾಹಕಗಳು ಎನ್ನುತ್ತೇವೆ. ಹೆಪ್ಪುಗಟ್ಟಿಸಿದ ಮಿದುಳನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ, ವಿಕಿರಣದ ಗುರುತು ಹಚ್ಚಿದ ಮದ್ದಿನಲ್ಲಿ ಅದ್ದಿ, ಕತ್ತಲಲ್ಲಿ ಫಿಲ್ಮಿಗೆ ಒತ್ತಿಡಬೇಕು. ವಾರಗಳ ನಂತರ ಫಿಲ್ಮು ತೊಳೆದಾಗ ಎಲ್ಲಿ ಕಪ್ಪೋ ಅಲ್ಲಿ ಗ್ರಾಹಕ. ಕೊಯ್ಯುವ ಪೆಟ್ಟಿಗೆಯೊಳಗೆ ಕೊರೆಯುವ ಚಳಿ. ನನ್ನ ಬೆರಳು ಮರಗಟ್ಟಿದರೆ ಪಕ್ಕದ ಮೇಜಿನ ಗೆಳತಿ ತನ್ನ ಅಂಗೈಗಳ ನಡುವೆ ಹಿಡಿದು ಉಜ್ಜುತ್ತಿದ್ದಳು.

ಇಲಿಗಳನ್ನು ಸಾಕುತ್ತಿದ್ದಾತ ಅವುಗಳನ್ನು ಅಳಿಯಂದಿರು ಎನ್ನುತ್ತಿದ್ದ. "ಅಳಿಯಂದಿರ ಉಪಚಾರ ಮುಗೀತಕ್ಕಾ!" ಎಂದು ದಿನಾ ಬಾಗಿಲಲ್ಲಿ ಕೂಗುತ್ತಿದ್ದ. ನಾನು ಮಿದುಳು ತೆಗೆಯುವ ದಿನ ಮಾತ್ರ ಕೂಗುತ್ತಿರಲಿಲ್ಲ.

ಆ ನಕ್ಷೆ ನನ್ನ ಹೆಸರಿನಲ್ಲಿ ಅಚ್ಚಾಗಬೇಕಿತ್ತು. ನನ್ನದೇ ಎನ್ನುವ ಮೊದಲ ಕೆಲಸ ಅದು. ಕೊನೆಯ ಫಿಲ್ಮು ತೊಳೆದ ವಾರ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು.

"ಹೋಗೇ ಮಾರಾಯ್ತಿ," ಎಂದಳು ಗೆಳತಿ. "ಫಿಲ್ಮೆಲ್ಲ ನಾನು ನೋಡ್ಕೋತೀನಿ. ಇಲಿ ಬೇಕಾದಷ್ಟಿವೆ, ಅತ್ತೆ ಇರೋದು ಒಬ್ರೇ."

ಅತ್ತೆ ಗೋಡೆ ಹಿಡಿದು ನಡೆಯುವಷ್ಟಾದ ಮೇಲೆ ಮರಳಿದೆ. ಅಂದು ನಮ್ಮ ವಿಭಾಗದ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡು ನನಗೆ ಜಾಗ ಮಾಡಿಕೊಟ್ಟರು. ಪರದೆಯ ಮೇಲೆ ನನ್ನ ಮಿದುಳುಗಳು! ಕೋಲು ಹಿಡಿದು ನಿಂತವಳು ಗೆಳತಿ. "ನಾನು ಕೊಯ್ದ ಈ ಚೂರಿನಲ್ಲಿ..." ಎನ್ನುತ್ತಿದ್ದಳು. ಕೆಳಗೆ ಒಂದೇ ಹೆಸರು, ಅವಳದು.

ಆ ಇಲಿಗಳ ಬಲಗಣ್ಣನ್ನು ಮೊದಲೇ ತೆಗೆದಿದ್ದೆ. ಇಲಿಯ ಕಣ್ಣಿನ ನರಗಳು ಬಹುಪಾಲು ಎದುರು ಬದಿಗೆ ದಾಟುತ್ತವೆ; ಅವುಗಳ ತುದಿಯಲ್ಲೂ ಈ ಗ್ರಾಹಕಗಳಿವೆ, ಕಣ್ಣು ಹೋದರೆ ಅವೂ ಹೋಗುತ್ತವೆ. ಹಾಗಾಗಿ ಎಡಗಡೆಯ ಒಂದು ಪುಟ್ಟ ಕಪ್ಪು ಚುಕ್ಕೆ ಮಸುಕಾಗಬೇಕು. ಅವಳ ಕೋಲು ಬಲಗಡೆಯ ಮಸುಕನ್ನು ತೋರಿಸುತ್ತಿತ್ತು. "ನಾವೆಲ್ಲ ಅಂದುಕೊಂಡಿದ್ದಕ್ಕೆ ಪೂರಾ ಉಲ್ಟಾ!" ಮುಂದಿನ ಸಾಲಿನ ಹಿರಿಯರು ತಲೆದೂಗಿದರು.

ಉಲ್ಟಾ ಆಗಿದ್ದು ಮಿದುಳಲ್ಲ. ನಾನು ಎಡಚಿ. ಉಳಿದವರು ಚೂರನ್ನು ಗಾಜಿಗೆ ಎತ್ತಿಕೊಳ್ಳುವ ರೀತಿ ನನ್ನ ಕೈಗೆ ಒಗ್ಗದೆ, ಕುಂಚದಿಂದ ಮಗುಚಿ ಎತ್ತುತ್ತಿದ್ದೆ. ಕನ್ನಡಿಯಲ್ಲಿ ಆದಂತೆ ಎಡ ಬಲವಾಗುತ್ತಿತ್ತು. ಗೊಂದಲ ಬೇಡವೆಂದು ಕೊಯ್ಯುವ ಮೊದಲೇ ಮಿದುಳಿನ ಬಲ ಅಂಚಿಗೆ ಸೂಜಿಯಿಂದ ತೂತು ಚುಚ್ಚುತ್ತಿದ್ದೆ. ಪರದೆಯ ಮೇಲೆ ಆ ತೂತು ಎಡಗಡೆ ಬೆಳ್ಳಗೆ ಹೊಳೆಯುತ್ತಿತ್ತು.

ಸುಮ್ಮನಿದ್ದರೆ ನಾಳೆ ಯಾರೋ ಮತ್ತೆ ಮಾಡಿ ನೋಡಿ ಅವಳ ಮಾನ ಹರಾಜಾಗುತ್ತಿತ್ತು. ಎದ್ದು ಹೇಳಿದ್ದರೆ ಕೆಲಸ ಯಾರದೆಂದು ಅಲ್ಲೇ ಬಯಲಾಗುತ್ತಿತ್ತು. ಅಷ್ಟು ಜನರ ಮುಂದೆ ಅವಳ ತಲೆ ತಗ್ಗಿಸಲು ಮನಸ್ಸು ಬರಲಿಲ್ಲ. ಹೊರಗೆ ನೀರಿನ ನಲ್ಲಿಯ ಬಳಿ ಕಾದೆ.

"ಚೂರು ಮಗುಚಿದೆ ಕಣೇ. ಆ ತೂತು ಇರೋದು ಬಲಕ್ಕೆ."

ಲೋಟ ಅವಳ ತುಟಿಯಲ್ಲೇ ನಿಂತಿತು. "ಅಯ್ಯೋ, ಫಿಲ್ಮಿನ ಕಲೆ ಅಂದ್ಕೊಂಡಿದ್ನಲ್ಲೇ!"

"ನನ್ನ ಹೆಸರು?"

"ನಮ್ಮ ಗೈಡ್ ಮೇಷ್ಟ್ರು ಅವಸರ ಮಾಡಿದ್ರು. ನೀನು ವಾಪಸ್ ಬರ್ತೀಯೋ ಇಲ್ವೋ ಅಂತ... ಅಚ್ಚಾಗುವಾಗ ಹಾಕ್ತೀನಿ, ನನ್ನಾಣೆ. ಇವತ್ತು ನನ್ನ ಮರ್ಯಾದೆ ಉಳಿಸಿದೆ."

ನಂಬಿದೆ.

ಅಚ್ಚಾಗಿ ಬಂತು. ಎಡಬಲ ಸರಿಯಾಗಿತ್ತು. ತೂತಿದ್ದ ಅಂಚನ್ನು ಕತ್ತರಿಸಿ ತೆಗೆದಿದ್ದಳು. ನನ್ನ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿತ್ತು, 'ಕೈನೆರವಿಗಾಗಿ' ಎಂದು, ಇಲಿ ಸಾಕುವವನ ಪಕ್ಕದಲ್ಲಿ. ಆತ ಹಿಗ್ಗಿ ಬನ್ನು ತಂದಿದ್ದ.

"ನಮ್ಮಿಬ್ರ ಹೆಸರೂ ಅಕ್ಕಪಕ್ಕ ಬಂದಿದೆಯಲ್ಲಕ್ಕಾ! ನನ್ನ ಹೆಸರು ಅಚ್ಚಾಗಿದ್ದು ಇದೇ ಮೊದಲು." ದೊಡ್ಡ ಬನ್ನನ್ನೇ ನನ್ನ ಕಡೆ ಸರಿಸಿದ. ಅವನ ಸಂತೋಷಕ್ಕೆ ಕಲ್ಲು ಹಾಕಲಾರದೆ ಪೂರ್ತಿ ತಿಂದೆ.

ಅಷ್ಟರಲ್ಲಿ ಗೆಳತಿ ಬಂದಳು. "ನೋಡಿದ್ಯಾ? ಹಾಕಿದೀನಲ್ಲ? ಹೇಗಿದೆ ಹೇಳೇ."

"ಚೆನ್ನಾಗಿದೆ. ನಿಮ್ಮ ನಕ್ಷೆ ಬಹಳ ಚೆನ್ನಾಗಿ ಬಂದಿದೆ."

"ನಿಮ್ಮ? ಏನೇ ಇದು, ಹೊಸ ಮರ್ಯಾದೆ?" ನಗಲು ನೋಡಿದಳು.

"ಕೂತ್ಕೊಳ್ಳಿ," ಎಂದು ಕುರ್ಚಿ ಸರಿಸಿದೆ.

ಅವಳು ನಿಂತೇ ಇದ್ದಳು.