ಒಲಿ ಆರಿಸಿ ಬರ್ತೀನಿ

ನಾನು ಒಂದು ಮೈಕು. ಹುಟ್ಟಿದ್ದು ಮುಂಬೈಯ ಒಂದು ಓಣಿಯಲ್ಲಿ, ತಗಡಿನ ಚಾವಣಿಯ ಕೆಳಗೆ. ಒಬ್ಬ ಹೆಣ್ಣುಮಗಳು ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿದಳು, ಅದನ್ನು ಉಳ್ಳಾಗಡ್ಡಿ ಸಿಪ್ಪೆಯಂಥ ತೆಳು ಪರದೆಗೆ ಅಂಟಿಸಿದಳು, ಅಯಸ್ಕಾಂತದ ಮೇಲೆ ಕೂರಿಸಿದಳು, ತಲೆಗೊಂದು ಜಾಳಿಗೆಯ ಟೋಪಿ ಹಾಕಿದಳು. ಕೊನೆಗೆ ಬಾಯಿ ಹತ್ತಿರ ತಂದು "ಹಲೋ" ಅಂದಳು. ಯಾರನ್ನೂ ಕರೆದದ್ದಲ್ಲ, ನಾನು ಕೆಲಸ ಮಾಡುತ್ತೇನೋ ಇಲ್ಲವೋ ನೋಡಿದ್ದು. ನನ್ನನ್ನು ಡಬ್ಬಿಗೆ ಹಾಕಿ ಮುಂದಿನದನ್ನು ಎತ್ತಿಕೊಂಡಳು. ಅವಳಿಗೂ ಮನೆಗೆ ಹೋಗುವ ಅವಸರ ಇತ್ತೇನೋ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಅನಿಸುವುದು ಕಡಿಮೆ. ಎದುರಿಗೆ ಯಾರಾದರೂ ಮಾತಾಡಿದರೆ ಒಳಗಿನ ಪರದೆ ನಡುಗುತ್ತದೆ, ಮಾತು ನಿಂತರೆ ಅದೂ ನಿಲ್ಲುತ್ತದೆ. ಮದುವೆಯಾದರೂ ಅಷ್ಟೇ, ಮಣ್ಣಾದರೂ ಅಷ್ಟೇ. ಯಾವುದೂ ಒಳಗೆ ನಿಲ್ಲುವುದಿಲ್ಲ. ಒಂದೇ ಒಂದು ಮಾತಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿದೆ.

ಬೆಟಗೇರಿಯ ಒಂದು ಮೈಕ್‌ಸೆಟ್ ಅಂಗಡಿಗೆ ಬಂದೆ. ಅಕ್ಷತೆ ಹಾಕುವ ಹೊತ್ತಾಯಿತು ಬರ್ರಿ ಎಂದೆ. ಚಪ್ಪಲಿ ಹೊರಗೆ ಬಿಡಿರಿ ಎಂದೆ. ಕೆಂಪು ಫ್ರಾಕಿನ ಹುಡುಗಿ ತಪ್ಪಿಸಿಕೊಂಡಿದ್ದಾಳೆ, ತಂದೆತಾಯಿ ಎಲ್ಲಿದ್ದರೂ ಬರಬೇಕು ಎಂದೆ. ಒಂದು ಮದುವೆಯಲ್ಲಿ ವರನ ಸೋದರಮಾವ ಸಿಟ್ಟಿಗೆದ್ದು ನನ್ನನ್ನು ಎತ್ತಿ ಒಗೆದ. ಜಾಳಿಗೆ ಒಂದು ಬದಿ ತಗ್ಗಾಯಿತು. ಅಂಗಡಿಯವನಿಗೆ ತಗ್ಗುಬಿದ್ದ ಮೈಕು ಬೇಡವಾಯಿತು. ಹಾಗೆ ನಾನು ವಿಡಿಯೋ ಹಾಲಿಗೆ ಹೋದೆ, ಅಂದಾನಪ್ಪನ ಕೈಗೆ.

ವಿಡಿಯೋ ಹಾಲು ಅಂದರೆ ದೊಡ್ಡದೇನಲ್ಲ. ಮಗ್ಗ ನಿಂತುಹೋದ ಒಂದು ಶೆಡ್ಡು, ಎತ್ತರದ ಮೇಜಿನ ಮೇಲೊಂದು ಟಿ.ವಿ., ಕೆಳಗೆ ಜಮಖಾನೆ. ಅಂದಾನಪ್ಪ ಬಾಗಿಲಲ್ಲಿ ಟಿಕೇಟು ಹರಿಯುವವನು. ಮೊದಲು ಟಾಂಗಾದಲ್ಲಿ ಕೂತು ಊರೆಲ್ಲ ಸಿನಿಮಾ ಸಾರುತ್ತಿದ್ದನಂತೆ. ಹಾಲಿಗೆ ಇಂಗ್ಲಿಷ್ ಕ್ಯಾಸೆಟ್ಟು ಬಂದಾಗ ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. "ಏನ್ ಅಂತಾರೋ ಏನೋ, ಒಂದ್ ಅಕ್ಷರ ತಿಳಿಯಂಗಿಲ್ಲ" ಎಂದು ಗೊಣಗುತ್ತಿದ್ದರು. ಆಗ ಮಾಲೀಕ ನನ್ನನ್ನು ಅಂದಾನಪ್ಪನ ಕೈಗಿಟ್ಟು, "ಟಾಂಗಾದಾಗ ಒದರ್ತಿದ್ದಿಯಲ್ಲ, ಇಲ್ಲೂ ಒದರು" ಎಂದ.

ಅಂದಾನಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ಕಾಲಕ್ಕೆ ಬಂದದ್ದೇ ಗರುಡದ ಸಿನಿಮಾ. ಆಕಾಶದಲ್ಲಿ ಓಡಾಡುವ ಒಂದು ಹಡಗು, ಅದರ ಮಂದಿ, ಅವರ ವೈರಿಗಳು. ಒಂದು ಭಾಗ ಮುಗಿದರೆ ಇನ್ನೊಂದು, ವರ್ಷಗಟ್ಟಲೆ ಬರುತ್ತಲೇ ಇದ್ದವು. ಹಡಗಿಗೆ ಗರುಡ ಎಂದು ಹೆಸರಿಟ್ಟವನೂ ಅಂದಾನಪ್ಪನೇ. ಅದರ ಯಜಮಾನ ಸರದಾರನಾದ. ಎಂಜಿನ್ ನೋಡಿಕೊಳ್ಳುವ ಹೆಂಗಸು ಗಂಗವ್ವಳಾದಳು. ವೈರಿಗಳು ಶನಿಲೋಕದವರು. ನಾನು ಈ ಸಿನಿಮಾ ನೋಡಿಲ್ಲ. ನನ್ನ ಬೆನ್ನು ಟಿ.ವಿ.ಗೆ, ಮುಖ ಅಂದಾನಪ್ಪನ ಬಾಯಿಗೆ. ಕೆಳಗಿನಿಂದ ಕಾಣುತ್ತಿದ್ದದ್ದು ಅವನ ಗದ್ದ, ತಂಬಾಕಿನ ಹಲ್ಲು, ಹಲ್ಲಿನ ಮೇಲೆ ಬಂದು ಹೋಗುವ ನೀಲಿ ಬೆಳಕು. ಶುರುಮಾಡುವ ಮೊದಲು ಬೆರಳಿನಿಂದ ಎರಡು ಸಲ ಟಕ್ ಟಕ್ ಎನ್ನಿಸುತ್ತಿದ್ದ. ಆಮೇಲೆ ಜಮಖಾನೆಯ ಮೇಲಿನ ಮಂದಿ ಉಸಿರು ಬಿಗಿಹಿಡಿಯುತ್ತಿತ್ತು.

ಅವನ ಹೆಂಡತಿ ಸಾವಂತ್ರೆವ್ವ ದಿನಾ ಸಂಜೆಯ ಆಟಕ್ಕೆ ಬರುತ್ತಿದ್ದಳು, ಮಗಳು ಕಸ್ತೂರಿಯನ್ನು ಬಗಲಲ್ಲಿ ಎತ್ತಿಕೊಂಡು. ನನ್ನನ್ನು ಮನೆಗೆ ಒಯ್ದ ದಿನಗಳಲ್ಲಿ ನಾನೇ ಕೇಳಿದ್ದೇನೆ. ಅಂದಾನಪ್ಪ ಚಪ್ಪಲಿ ಮೆಟ್ಟುತ್ತ "ಹೊತ್ತಾತು, ಬಾರ" ಎಂದರೆ, ಒಳಗಿನಿಂದ ಅವಳ ದನಿ ಬರುತ್ತಿತ್ತು. "ನೀವು ಮುಂದ ನಡ್ರಿ. ಒಲಿ ಆರಿಸಿ ಬರ್ತೀನಿ." ಕಟ್ಟಿಗೆ ಒಲೆ. ಕೆಂಡಕ್ಕೆ ನೀರು ಚಿಮುಕಿಸಿದ ಚುಂಯ್ ಎನ್ನುವ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಹಾಲಿನ ಬಾಗಿಲು ಕಿರ್ ಎನ್ನುತ್ತಿತ್ತು. ಅಂದಾನಪ್ಪನ ದನಿ ಆಗ ಒಂದು ಎಳೆ ಸಡಿಲಾಗುತ್ತಿತ್ತು. ಅದು ಬೇರೆ ಯಾರಿಗೂ ತಿಳಿಯುವಂಥದ್ದಲ್ಲ.

ಸಾವಂತ್ರೆವ್ವನಿಗೆ ಜ್ವರ ಬಂತು. ದವಾಖಾನೆಗೆ ಹೋದಳು, ತಿರುಗಿ ಬರಲಿಲ್ಲ. ಅಂದಾನಪ್ಪ ದಿನಕರ್ಮ ಮುಗಿಸಿ ಕೆಲಸಕ್ಕೆ ಬಂದ. ಎರಡನೇ ಭಾಗದ ಕ್ಯಾಸೆಟ್ಟು ಬಂದಿತ್ತು. ಕಸ್ತೂರಿಯನ್ನು ಕಾಲಬುಡದಲ್ಲೇ ಕೂರಿಸಿಕೊಂಡ.

ಆ ಭಾಗದ ಕೊನೆಯಲ್ಲಿ ಗರುಡಕ್ಕೆ ಬೆಂಕಿ ಬೀಳುತ್ತದೆ. ಎಲ್ಲರೂ ಸಣ್ಣ ದೋಣಿಯೊಳಗೆ ಇಳಿಯುತ್ತಾರೆ. ಗಂಗವ್ವ ಮಾತ್ರ ಎಂಜಿನ್ ಕೋಣೆಯ ಬಾಗಿಲಲ್ಲಿ ನಿಂತು, ಕೈಯೆತ್ತಿ, ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾಳೆ. ಅಂದಾನಪ್ಪ ಸುಮ್ಮನಾದ. ಜನ ಅವನ ಕಡೆ ತಿರುಗಿದರು. ಅವನು ಉಸಿರು ಎಳೆದುಕೊಂಡ, ಬಿಡಲಿಲ್ಲ. ಆಮೇಲೆ ಅಂದ:

"ನೀವು ಮುಂದ ನಡ್ರಿ. ಒಲಿ ಆರಿಸಿ ಬರ್ತೀನಿ."

ಹಾಲಿನಲ್ಲಿ ಯಾರೋ ಬಿಕ್ಕಿದರು. ನನ್ನ ಪರದೆ ನಡುಗಿತು, ಮಾತು ನಿಂತ ಮೇಲೆ ನಿಂತಿತು. ಪೂರ್ತಿ ನಿಂತಿತೋ ಇಲ್ಲವೋ ಅನ್ನುವುದೇ ನನ್ನ ಅನುಮಾನ.

ಆ ಮಾತು ಊರ ಮಾತಾಯಿತು. ಚಾದ ಅಂಗಡಿಯಿಂದ ಏಳುವವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಕೈಯೆತ್ತಿ "ಒಲಿ ಆರಿಸಿ ಬರ್ತೀನಿ" ಅನ್ನುವವರೇ. ಕಸ್ತೂರಿ ಕೂಡ ಸ್ವಲ್ಪ ದೊಡ್ಡವಳಾದ ಮೇಲೆ ಹುಡುಗಿಯರ ನಡುವೆ ಕುಂಟಾಬಿಲ್ಲೆ ಆಡುತ್ತ ಗಂಗವ್ವನ ಹಾಗೆ ಕೈಯೆತ್ತಿ ಅಂದಳು. ತಾಯಿ ಹೋದಾಗ ಅವಳದು ದನಿ ನೆನಪಿರುವ ವಯಸ್ಸಲ್ಲ. ಅದು ಸಿನಿಮಾದ ಮಾತು ಅಂತಲೇ ತಿಳಿದಳು. ಅಂದಾನಪ್ಪ ನೋಡುತ್ತಿದ್ದ. ತಿದ್ದಲಿಲ್ಲ.

ಮೂರನೇ ಭಾಗದ ಮೇಲೆ ಹಾಲು ಮುಚ್ಚಿತು. ಮನೆಮನೆಗೆ ಟಿ.ವಿ. ಬಂತಲ್ಲ. ನನ್ನ ದನಿ ಗೊರಗೊರ ಆಗಿತ್ತು, ಕೆಲ ವರ್ಷ ಮನೆಯಲ್ಲಿಟ್ಟುಕೊಂಡ ಮೇಲೆ ಅಂದಾನಪ್ಪ ನನ್ನನ್ನು ದಾವಲಸಾಬನ ರಿಪೇರಿ ಅಂಗಡಿಗೆ ಕೊಟ್ಟ. ದಾವಲಸಾಬ ತಂತಿ ಬದಲಿಸಿ ಸರಿಮಾಡಿದ. ಯಾರೂ ಒಯ್ಯಲಿಲ್ಲ. ಹಳೆ ರೇಡಿಯೋಗಳ ನಡುವೆ ಹಲಗೆಯ ಮೇಲೆ ವರ್ಷಗಟ್ಟಲೆ ಕೂತೆ. ಕೆಳಗೆ ದಿನಾ ಸಂಜೆ ಒಂದೇ ಜಗಳ.

ಜಗಳ ದಾವಲಸಾಬನಿಗೂ ಫಕೀರೇಶನಿಗೂ. ಫಕೀರೇಶ ಬಸ್ ಕಂಡಕ್ಟರು. ಇಬ್ಬರೂ ಹುಡುಗರಿದ್ದಾಗ ಅದೇ ಜಮಖಾನೆಯ ಮೇಲೆ ಕೂತು ಗರುಡ ನೋಡಿದವರು. ಮುಂದಿನ ಭಾಗಗಳನ್ನು ಹುಬ್ಬಳ್ಳಿಗೆ ಹೋಗಿ ದೊಡ್ಡ ಪರದೆಯ ಮೇಲೆ ನೋಡಿ ಬಂದವರು.

"ಮೂರಕ್ಕ ಮುಗೀತಲೇ ಆ ಸಿನಿಮಾ. ಆಮ್ಯಾಲಿನ್ವು ಬರೇ ಪಟಾಕಿ. ಢಂ ಅಂತೈತಿ, ಹೊಗಿ ಬರತೈತಿ, ಮನಿಗೆ ಬಂದ್ರ ಏನೂ ನೆನಪಿರಂಗಿಲ್ಲ" ಎನ್ನುತ್ತಿದ್ದ ದಾವಲಸಾಬ.

"ನಿನಗ ವಯಸ್ಸಾತು ಅನ್ನು, ಸಿನಿಮಾ ಕೆಟ್ಟಿತು ಅನ್ನಬ್ಯಾಡ. ಐದನೇದ್ರಾಗ ಗಂಗವ್ವ ಶನಿಲೋಕದಾಕಿ ಅಂತ ಗೊತ್ತಾಗತೈತಲ್ಲ, ಅಂಥಾ ತಿರುವು ಯಾವ ಸಿನಿಮಾದಾಗ ಐತಿ?"

"ಅದ ಹೊಲಸು ಆಗಿದ್ದು!" ದಾವಲಸಾಬ ಸೋಲ್ಡರಿಂಗ್ ಕಡ್ಡಿ ಎತ್ತುತ್ತಿದ್ದ. "ಒಲಿ ಆರಿಸಿ ಬರ್ತೀನಿ ಅಂದಾಕಿ ಮೋಸ ಮಾಡತಾಳೇನ? ಅಂಥಾ ಮಾತು ಮೋಸದಾಕಿ ಬಾಯಾಗ ಬರತೈತೇನಲೇ? ಬರದವ್ರಿಗೆ ತಮ್ಮ ಕಥಿ ತಮಗ ಮರತುಹೋಗೈತಿ."

ಫಕೀರೇಶ ಚಾ ಕುಡಿದು ಏಳುತ್ತಿದ್ದ. ಮರುದಿನ ಮತ್ತೆ ಬರುತ್ತಿದ್ದ. ಅವರ ತಲೆ ಬೆಳ್ಳಗಾದವು, ಗರುಡಕ್ಕೆ ಒಂಬತ್ತನೇ ಭಾಗ ಬಂತು. ನನಗೆ ಬೇಜಾರೂ ಆಗಲಿಲ್ಲ. ನನ್ನ ವಯರು ಎಲ್ಲಿಗೂ ಜೋಡಿಸಿರಲಿಲ್ಲ.

ಹೀಗಿರುವಾಗ ಗರುಡದ ಎಲ್ಲ ಭಾಗಗಳೂ ಕನ್ನಡಕ್ಕೆ ಡಬ್ ಆಗಿ ಟಿ.ವಿ.ಯಲ್ಲಿ ಬಂದವು. ಎರಡನೇ ಭಾಗವನ್ನು ಇಬ್ಬರೂ ಅಂಗಡಿಯಲ್ಲೇ ಕೂತು ನೋಡಿದರು. ಗರುಡಕ್ಕೆ ಬೆಂಕಿ ಬಿತ್ತು. ದಾವಲಸಾಬ ಮೊಣಕಾಲ ಮೇಲೆ ಕೈ ಇಟ್ಟು ಮುಂದೆ ಬಾಗಿದ. ಟಿ.ವಿ.ಯೊಳಗಿನ ಹೆಂಗಸು ಬೆಂಗಳೂರಿನ ಕನ್ನಡದಲ್ಲಿ ಅಂದಳು: "ಬಾಗಿಲು ಮುಚ್ಚಿ. ಇದು ನನ್ನ ಆಜ್ಞೆ."

"ತಗದಾರಲೇ!" ದಾವಲಸಾಬ ಎದ್ದು ನಿಂತ. "ಡಬ್ ಮಾಡಿದವ್ರು ಅಸಲಿ ಮಾತ ತಗದು ಒಗದಾರ!"

ಫಕೀರೇಶ ನಿಧಾನಕ್ಕೆ ಅಂದ, "ಅಸಲಿದ್ರಾಗ ಇತ್ತು ಅಂತ ನಿನಗ ಹೆಂಗ ಗೊತ್ತು? ಆವಾಗ ನಮಗ ಇಂಗ್ಲಿಷ್ ಬರತಿತ್ತೇನ?"

"ಅಂದಾನಪ್ಪ ಕಾಕಾ ಹೇಳಿದ್ರಲ್ಲ."

"ಕಾಕಾಗ ಬರತಿತ್ತೇನ?"

ದಾವಲಸಾಬ ಟಿ.ವಿ. ಬಂದ್ ಮಾಡಿದ. ಹಲಗೆಗೆ ಕೈ ಹಾಕಿ ನನ್ನನ್ನು ಎಳೆದ, ಲುಂಗಿಯಿಂದ ಧೂಳು ಒರೆಸಿದ. "ನಡಿ. ಅವರ್ನ ಕೇಳೂಣು."

ದಾರಿಯುದ್ದಕ್ಕೂ ನಾನು ದಾವಲಸಾಬನ ಕೈಚೀಲದೊಳಗೆ ಕತ್ತಲಲ್ಲಿದ್ದೆ. ಆ ಮಾತು ಯಾರದೆಂದು ಗೊತ್ತಿದ್ದವರು ಇಬ್ಬರೇ, ಅಂದಾನಪ್ಪ ಮತ್ತು ನಾನು. ನನಗೆ ಸ್ವಂತದ ದನಿಯಿಲ್ಲ. ಅಂದಾನಪ್ಪನಿಗೂ ಈಗ ಇಲ್ಲ. ತಂಬಾಕು ಗಂಟಲು ತಿಂದು, ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾನೆ. ಅವನು ಹೀಗೇ ಹೋಗಿಬಿಟ್ಟರೆ ಸಾವಂತ್ರೆವ್ವನ ಮಾತು ಗಂಗವ್ವನದಾಗಿಯೇ ಉಳಿಯುತ್ತದೆ. ಕಸ್ತೂರಿಗೂ ಅದು ಸಿನಿಮಾದ್ದೇ.

ಮನೆಯಲ್ಲಿ ಕಸ್ತೂರಿ ಅಕ್ಕಿ ಆರಿಸುತ್ತಿದ್ದಳು. ಈಗ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮಕ್ಕಳಿಗೆಲ್ಲ ಬಡಿಸಿ ಬಂದು ತಿರುಗಿ ಮನೆಯ ಒಲೆ ಹಚ್ಚುವವಳು. "ಬರ್ರಿ ಅಣ್ಣಾರ, ಏನು ಇಬ್ರೂ ಕೂಡಿ ಬಂದೀರಿ? ಯಾವ ಭಾಗದ ಪಂಚಾಯ್ತಿ?" ಎಂದು ನಕ್ಕಳು.

ದಾವಲಸಾಬ ನನ್ನನ್ನು ಅಂದಾನಪ್ಪನ ತೊಡೆಯ ಮೇಲಿಟ್ಟ. "ಕಾಕಾ, ನೀವು ಹೂಂ ಅಂತ ತಲಿ ಆಡಿಸ್ರಿ ಸಾಕು, ಇವನ ಬಾಯಿ ಮುಚ್ಚತೈತಿ. ಒಲಿ ಆರಿಸಿ ಬರ್ತೀನಿ ಅನ್ನೂ ಮಾತು ಸಿನಿಮಾದಾಗ ಇತ್ತು ಹೌದಲ್ಲೋ?"

ಅಂದಾನಪ್ಪ ನನ್ನನ್ನು ಎತ್ತಿಕೊಂಡ. ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದ. ಟಕ್ ಟಕ್. ಬಾಯಿ ಹತ್ತಿರ ತಂದ. ಗದ್ದ ಸಣ್ಣಗಾಗಿತ್ತು, ಹಲ್ಲುಗಳು ಹೋಗಿದ್ದವು. ತುಟಿ ಆಡಿದವು, ಗಾಳಿ ಮಾತ್ರ ಕೆಳಗೆ ಕುತ್ತಿಗೆಯಿಂದ ಬಂತು. ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ದಾವಲಸಾಬ ಗೆಲ್ಲುತ್ತಿದ್ದ, ಚಾ ಆಗುತ್ತಿತ್ತು.

ಅವನು ಅಡ್ಡಡ್ಡ ತಲೆ ಆಡಿಸಿದ. ಇಲ್ಲ.

"ಮತ್ತ ಇಂಗ್ಲಿಷಿನ್ಯಾಗ ಆಕಿ ಏನಂದಿದ್ಲು ಕಾಕಾ?" ಎಂದ ಫಕೀರೇಶ.

ಅಂದಾನಪ್ಪ ಅಂಗೈ ತಿರುವಿದ. ಯಾರಿಗೆ ಗೊತ್ತು? ಅವನ ಭುಜ ನಗೆಯಿಂದ ಅಲುಗಿತು, ಸದ್ದಿಲ್ಲದ ನಗೆ.

"ಹಂಗಾರ ಆ ಮಾತು ಯಾರದು?"

ನನ್ನನ್ನು ಹಿಡಿದ ಕೈಯನ್ನು ಮೊದಲು ಒಲೆಯ ಕಡೆ ಚಾಚಿದ. ಆಮೇಲೆ ಮೇಲೆ, ಗೋಡೆಯ ಮೇಲಿನ ಫೋಟೋದ ಕಡೆ. ಕುಂಕುಮ ಹಚ್ಚಿದ ಗಾಜಿನ ಹಿಂದೆ ಸಾವಂತ್ರೆವ್ವ. ಕೈ ಅಲ್ಲೇ ನಿಂತಿತು, ನಾನೂ ಅದರೊಳಗೆ. ನನ್ನ ಇಡೀ ಆಯುಷ್ಯದಲ್ಲಿ ಬಾಯಿಯ ಕಡೆಯಲ್ಲದೆ ಬೇರೆ ಕಡೆ ನನ್ನನ್ನು ಯಾರೂ ತಿರುಗಿಸಿರಲಿಲ್ಲ.

ಮೊರದ ಅಂಚಿನಿಂದ ಅಕ್ಕಿ ಸುರಿಯಿತು. ಕಸ್ತೂರಿ ಎತ್ತಲಿಲ್ಲ. "ಅವ್ವ ಅಂತಿದ್ಲೇನ?" ಎಂದಳು. ಅಂದಾನಪ್ಪ ಹೂಂ ಎಂದು ತಲೆ ಆಡಿಸಿದ. ಒಂದು ಸಲವಲ್ಲ, ನಿಲ್ಲಿಸದೆ.

ಇಬ್ಬರೂ ಬೀದಿಗಿಳಿದ ಮೇಲೆ ದಾವಲಸಾಬ ಕೇಳಿದ್ದು ಒಳಗೂ ಕೇಳಿಸಿತು. "ಹಂಗಾರ ಇಷ್ಟು ವರ್ಷ ನಾವು ಜಗಳಾಡಿದ್ದು ಯಾವ ಸಿನಿಮಾದ ಸಲುವಾಗಿಲೇ?"

"ಏನರ ಆಗಲಿ, ಐದನೇದು ಚಲೋನ ಐತಿ" ಎಂದ ಫಕೀರೇಶ. ಆದರೆ ಅದರಲ್ಲಿ ಮೊದಲಿನ ಬಿಸಿ ಇರಲಿಲ್ಲ.

ನಾನು ಇಲ್ಲೇ ಉಳಿದೆ, ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕ. ಜಾಳಿಗೆಗೆ ಜಿಡ್ಡು ಹತ್ತಿದೆ. ಒಳಗಿನ ಪರದೆ ಒಂದೆಡೆ ಅಂಟಿಕೊಂಡಿದೆ ಅಂತ ಕಾಣುತ್ತದೆ, ದಡಬಡ ಸದ್ದಿಗೂ ಈಗ ಅದು ಅಲುಗುವುದಿಲ್ಲ. ಯಾರಾದರೂ ಎಸೆದರೆ ಎಸೆಯಲಿ, ಇಟ್ಟರೆ ಇಡಲಿ.

ಕಸ್ತೂರಿಯ ಮಗಳು ತಾಯಿ ಅಡುಗೆ ಮಾಡುವ ಶಾಲೆಗೇ ಹೋಗುತ್ತಾಳೆ. ಬೆಳಿಗ್ಗೆ ಪಾಟಿಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತು "ಯವ್ವಾ, ಹೊತ್ತಾತು" ಎನ್ನುತ್ತಾಳೆ. ಮೊದಲೆಲ್ಲ ಕಸ್ತೂರಿ ಗಂಗವ್ವನ ಹಾಗೆ ಕೈಯೆತ್ತಿ, ದನಿ ದಪ್ಪ ಮಾಡಿ ಅನ್ನುತ್ತಿದ್ದಳಂತೆ, ಮಗು ನಗಲಿ ಎಂದು. ಈಗ ಕೈ ಎತ್ತುವುದಿಲ್ಲ. ಪಾತ್ರೆ ಇಳಿಸುತ್ತ, ಬೆನ್ನು ಹಾಕಿಕೊಂಡೇ, ಮೆತ್ತಗೆ ಅನ್ನುತ್ತಾಳೆ.

"ನೀ ಮುಂದ ನಡಿ. ಒಲಿ ಆರಿಸಿ ಬರ್ತೀನಿ."

ಗ್ಯಾಸಿನ ಒಲೆ. ಒಂದು ತಿರುವಿದರೆ ಕಟ್ ಎಂದು ಆರಿಬಿಡುತ್ತದೆ, ಅದಕ್ಕಾಗಿ ಯಾರೂ ಹಿಂದೆ ಉಳಿಯಬೇಕಾಗಿಲ್ಲ. ಆದರೂ ಅವಳು ಆರಿಸಿದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಾಳೆ.