ಐದನೇ ಕ್ರಾಸಿನ ತಂತಿ

ಉದಯಗಿರಿಯಲ್ಲಿ ಮೋಟಾರು ರಿಪೇರಿ ಮಾಡುವ ಮಹದೇವಯ್ಯನವರ ಹೆಂಡತಿ ಚಾಮುಂಡೇಶ್ವರಿ ತೀರಿಕೊಂಡಿದ್ದು ಮನೆಯಿಂದ ಹತ್ತೇ ಹೆಜ್ಜೆ ದೂರದಲ್ಲಿ. ಮಳೆಗಾಳಿಗೆ ಕಂಬದಿಂದ ಹರಿದುಬಿದ್ದ ತಂತಿ ರಸ್ತೆಯ ನೀರಿನಲ್ಲಿ ಮುಳುಗಿತ್ತು. ಹಾಲು ತರಲು ಹೊರಟ ಆಕೆಗೆ ಅದು ಕಾಣಲಿಲ್ಲ.

ಆಮೇಲೆ ಎರಡು ವರ್ಷ ಮಹದೇವಯ್ಯನವರಿಗೆ ಒಂದೇ ಯೋಚನೆ. ಹರಿದ ತಂತಿಯಲ್ಲಿ ಕರೆಂಟು ಯಾಕೆ ಉಳಿಯಬೇಕು? ಅಂಗಡಿಯ ಹಿಂದಿನ ಕೋಣೆಯಲ್ಲಿ ಕಟ್ಟಿ, ಸುಟ್ಟುಕೊಂಡು, ಬಿಚ್ಚಿ, ಮತ್ತೆ ಕಟ್ಟಿ, ಕೊನೆಗೆ ಒಂದು ಜೋಡಿ ಪೆಟ್ಟಿಗೆ ಮಾಡಿದರು. ಒಂದು, ರಸ್ತೆಯ ಕಟ್ಟಕಡೆಯ ಕಂಬಕ್ಕೆ, ಇನ್ನೊಂದು ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ. ನಡುವೆ ಎಲ್ಲೇ ತಂತಿ ಹರಿದರೂ ಕೊನೆಯ ಪೆಟ್ಟಿಗೆ ಬಿಡದೆ ಕಳಿಸುತ್ತಿದ್ದ ಸಂಕೇತ ನಿಲ್ಲುತ್ತದೆ. ಅದು ನಿಂತ ಕೂಡಲೇ ಟ್ರಾನ್ಸ್‌ಫಾರ್ಮರ್ ಪಕ್ಕದ್ದು ಕರೆಂಟು ಕಡಿಯುತ್ತದೆ. ತಂತಿ ನೆಲ ಮುಟ್ಟುವ ಹೊತ್ತಿಗೆ ಅದರಲ್ಲಿ ಜೀವ ಇರುವುದಿಲ್ಲ.

ವಿದ್ಯುತ್ ಕಚೇರಿಯ ಕಿರಿಯ ಎಂಜಿನಿಯರ್ ಶರಣ್ಯಾ ಅಂಗಡಿಗೇ ಬಂದು ಪರೀಕ್ಷಿಸಿದರು. ಮೇಲಿನವರನ್ನು ಒಪ್ಪಿಸಿ, ಒಂದು ರಸ್ತೆಯಲ್ಲಿ ಹಾಕಿ ನೋಡಲು ಅನುಮತಿ ತಂದರು.

"ಐದನೇ ಕ್ರಾಸಿಗೆ ಹಾಕೋಣ ಸಾರ್. ಅಲ್ಲಿ ಮರ ಜಾಸ್ತಿ, ತಂತೀನೂ ಹಳೇದು."

"ಬ್ಯಾಡ ಕಣಮ್ಮ. ಮೂರನೇ ಕ್ರಾಸಿಗೆ ಹಾಕ್ಸಿ. ನಮ್ಮವಳು ಹೋದ ಜಾಗ."

"ಅಲ್ಲಿ ಈಗ ಹೊಸ ತಂತಿ ಎಳೆದಿದೀವಲ್ಲ ಸಾರ್..."

"ಇದೊಂದು ನಡೆಸ್ಕೊಟ್ಬುಡಿ. ಇನ್ನೇನೂ ಕೇಳಲ್ಲ."

ಶರಣ್ಯಾ ಮಹದೇವಯ್ಯನವರ ಮುಖ ನೋಡಿ ಒಪ್ಪಿಕೊಂಡರು.

ಏಪ್ರಿಲ್ ಕೊನೆಯ ಒಂದು ಸಂಜೆ ಜೋರು ಗಾಳಿ ಎದ್ದಿತು. ಮೂರನೇ ಕ್ರಾಸಿನಲ್ಲಿ ಒಂದು ದೀಪವೂ ಆರಲಿಲ್ಲ. ಐದನೇ ಕ್ರಾಸಿನಲ್ಲಿ ಹೊಂಗೆಯ ಕೊಂಬೆ ಮುರಿದು ಬಿದ್ದು ತಂತಿ ಹರಿಯಿತು. ಇಸ್ತ್ರಿ ಗಾಡಿ ತಳ್ಳಿಕೊಂಡು ಮನೆಗೆ ಹೊರಟಿದ್ದ ಹುಚ್ಚಣ್ಣನ ಗಾಡಿಗೆ ಆ ತಂತಿ ಸುತ್ತಿಕೊಂಡಿತು. ಮಹದೇವಯ್ಯ ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿವರ ಬಟ್ಟೆಗಳು ಕೆಸರಿನಲ್ಲಿ ಬಿದ್ದಿದ್ದವು.

ಮಹದೇವಯ್ಯನವರನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಶರಣ್ಯಾ ಕೂಡ ಆ ದಿನ ಅಂಗಡಿಯಲ್ಲಿ ಆಡಿದ ಮಾತನ್ನು ಎತ್ತಲಿಲ್ಲ. ಮಹದೇವಯ್ಯ ಅಂಗಡಿಗೆ ಬಂದ ಮೋಟಾರುಗಳನ್ನೆಲ್ಲ ವಾಪಸು ಕಳಿಸಿ, ಹತ್ತೊಂಬತ್ತು ದಿನದಲ್ಲಿ ಎರಡನೇ ಜೋಡಿ ಮುಗಿಸಿದರು.

ಐದನೇ ಕ್ರಾಸಿನಲ್ಲಿ ಲೈನ್‌ಮನ್ ಕಂಬ ಹತ್ತಿದಾಗ ಹುಚ್ಚಣ್ಣನ ಹೆಂಡತಿ ಮಂಜುಳಮ್ಮ ಹೊರಗೆ ಬಂದಳು.

"ಇದು ಮುಂಚೇನೇ ಇಲ್ಲಿದ್ದಿದ್ರೆ ನಮ್ಮೆಜಮಾನ್ರು ಉಳೀತಿದ್ರಾ?"

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. "ಉಳೀತಿದ್ರು ಕಣಮ್ಮ," ಎಂದರು ಮಹದೇವಯ್ಯ. "ಇಲ್ಲಿಗೇ ಹಾಕೋಣ ಅಂದಿದ್ರು. ನಾನೇ ಬ್ಯಾಡ ಅಂದೆ. ನಮ್ಮ ಬೀದಿಗೆ ಹಾಕಿಸ್ಕೊಂಡೆ."

ಮಂಜುಳಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವರು ಕೈಗೆಟುಕುವ ಎತ್ತರದಲ್ಲಿ ಕಂಬದ ಮೇಲೆ ತಮ್ಮ ಫೋನ್ ನಂಬರು ಬರೆದು ಮನೆಗೆ ನಡೆದರು.

ಜುಲೈನಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು.

"ನಾನು ಮಂಜುಳ. ತಂತಿ ಬಿದ್ದದೆ. ಸ್ಕೂಲ್ ಬಿಟ್ಟಿತ್ತು, ಮಕ್ಕಳು ಅದನ್ನ ತುಳ್ಕೊಂಡೇ ಹೋದ್ವು. ಯಾರ್ಗೂ ಏನೂ ಆಗ್ಲಿಲ್ಲ."

ಅಷ್ಟು ಹೇಳಿ ಅವಳು ಅಳತೊಡಗಿದಳು. ಸಮಾಧಾನ ಹೇಳುವ ಹಕ್ಕು ತನಗಿಲ್ಲ ಎಂದು ಮಹದೇವಯ್ಯನವರಿಗೆ ಅನ್ನಿಸಿತು. ಅವಳಾಗಿ ಇಡುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡು ನಿಂತೇ ಇದ್ದರು.